ರಂಜಕದ ಬಾಟಲಿಗೆ ಜಲವರ್ಣ

ಮೂವತ್ನಾಲ್ಕು ವರ್ಷ ಕಾಗದದಲ್ಲಿ ತಪ್ಪು ಹುಡುಕಿಯೇ ಹೊಟ್ಟೆ ಹೊರೆದ ಮನುಷ್ಯ ನಿವೃತ್ತನಾಗಿ ಇಡೀ ದಿನ ಮನೆಯಲ್ಲಿ ಕೂತರೆ ಏನಾಗುತ್ತದೆ? ಬೇರೆ ಯಾರನ್ನೋ ಕೇಳಿ ಪ್ರಯೋಜನವಿಲ್ಲ, ದಾಂಡೇಲಿಯ ಮಧುಮತಿಯನ್ನೇ ಕೇಳಬೇಕು. ಅವಳ ಗಂಡ ಮಹಾಬಳೇಶ್ವರ ಕಾಗದದ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕನಾಗಿದ್ದ. ಹಾಳೆ ಎತ್ತಿ ಬೆಳಕಿಗೆ ಹಿಡಿಯುವುದು, ಕಲೆಯೋ ಸುಕ್ಕೋ ತೂತೋ ಕಂಡರೆ 'ರಿಜೆಕ್ಟ್' ಎಂಬ ರಬ್ಬರ್ ಮೊಹರನ್ನು ದಪ್ಪೆಂದು ಒತ್ತುವುದು, ಇಷ್ಟೇ ಅವನ ಕೆಲಸ. ಬೀಳ್ಕೊಡುಗೆಯ ದಿನ ಜೊತೆಯವರು ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಕೊಟ್ಟರು. ಸಾಲದ್ದಕ್ಕೆ ತಮಾಷೆಗೆಂದು ಆ ಹಳೆಯ ಮೊಹರನ್ನೂ ಶಾಯಿ ಡಬ್ಬಿಯನ್ನೂ ಕೈಗಿತ್ತು ಚಪ್ಪಾಳೆ ತಟ್ಟಿದರು. (ಗಡಿಯಾರ ಎರಡೇ ತಿಂಗಳಿಗೆ ನಿಂತಿತು. ಮೊಹರು ಇನ್ನೂ ನಡೆಯುತ್ತಿದೆ.)

ಮನೆಯಲ್ಲಿ ಅವನು ಮೊಹರು ಒತ್ತುತ್ತಿರಲಿಲ್ಲ ನಿಜ. ಆದರೆ ತಟ್ಟೆಗೆ ಬಿದ್ದ ರೊಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. "ಅಂಚು ಸೀಳೇತಿ" ಎನ್ನುತ್ತಿದ್ದ. ಸಾರಿಗೆ "ತೆಳು", ಹಾಸಿಗೆಗೆ "ಸುಕ್ಕು". ಎಲ್ಲವೂ ಸರಿಯಿದ್ದ ಅಪರೂಪದ ದಿನ ಬಾಯಿಂದ ಬರುತ್ತಿದ್ದ ಪರಮೋಚ್ಚ ಪ್ರಶಸ್ತಿ ಒಂದೇ ಒಂದು: "ಪಾಸ್."

"ಮೂವತ್ತೊಂದು ವರ್ಷ ಆತು ನಾ ಈ ಮನಿಗೆ ಬಂದು" ಎಂದು ಒಂದು ಬೆಳಿಗ್ಗೆ ಮಧುಮತಿ ಲಟ್ಟಣಿಗೆ ಕೆಳಗಿಟ್ಟಳು. "ನಿಮ್ಮ ಬಾಯಾಗಿಂದ ಒಂದ ಸಲ 'ಛಲೋ ಐತಿ' ಅನ್ನೂ ಮಾತ ಬಂದೈತೇನ್ರಿ?"

"ಪಾಸ್ ಅಂತೇನಲಾ! ಪಾಸ್ ಅಂದ್ರ ಛಲೋ ಅಂತನ ಅರ್ಥ."

"ಪಾಸ್ ಅನ್ನಾಕ ನಾ ಏನ ನಿಮ್ಮ ಕಾರ್ಖಾನಿ ಕಾಗದಾ?"

ಈ ವಾಗ್ಯುದ್ಧದ ಕೊನೆಗೆ ಮಹಾಬಳೇಶ್ವರನ ತಲೆ ಗಿರ್ರೆಂದಿತು. ಮಧುಮತಿ ಸಿಟ್ಟನ್ನು ಪಕ್ಕಕ್ಕಿಟ್ಟು ಅವನನ್ನು ಆಟೋದಲ್ಲಿ ಹೇರಿಕೊಂಡು ಡಾಕ್ಟರ್ ರಾಜಶ್ರೀಯ ಹತ್ತಿರ ಓಡಿದಳು.

ರಾಜಶ್ರೀ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ, ಹುಬ್ಬೇರಿಸಿದಳು. "ಬಿ.ಪಿ. ಏರೇತ್ರಿ ಸಾಹೇಬ್ರ. ಗುಳಿಗಿ ಬರ್ದ ಕೊಡ್ತೇನಿ. ಮುಂಜಾನೆ ಎಣ್ಣಿ ತಿಂಡಿ ಬಿಟ್ಟು ಎರಡ ತುಂಡ ಬ್ರೆಡ್ ತಿನ್ರಿ. ಆದ್ರ ಬರೇ ಅಷ್ಟರಿಂದ ಆಗೂದಲ್ಲ. ನೀವು ಮೊದಲ ಕೈ ಸಡ್ಲ ಬಿಡೂದ ಕಲೀರಿ."

ಮಹಾಬಳೇಶ್ವರ ತನ್ನ ಕೈ ನೋಡಿಕೊಂಡ. ಅದು ಕುರ್ಚಿಯ ಹಿಡಿಯನ್ನು ಯಾರೋ ಕಿತ್ತುಕೊಂಡು ಹೋಗುತ್ತಾರೆಂಬಂತೆ ಹಿಡಿದುಕೊಂಡಿತ್ತು.

"ಚಿತ್ರಾ ತಗೀರಿ" ಎಂದಳು ರಾಜಶ್ರೀ. "ನೀರಿನ ಬಣ್ಣ. ಪೆನ್ಸಿಲ್ಲಿನ ಗೆರಿ ಇಲ್ಲ, ಅಳತಿ ಇಲ್ಲ. ಹಾಳಿ ತೋಯಿಸಿ ಬಣ್ಣ ಬಿಟ್ರ ಅದು ತನ್ನ ಪಾಡಿಗೆ ತಾನ ಹರೀತೈತಿ. ನಾನೂ ಮಾಡ್ತೇನಿ, ನೋಡ್ರಿ" ಎಂದು ಗೋಡೆ ತೋರಿಸಿದಳು. ಅಲ್ಲಿ ಒಂದಷ್ಟು ಹಸಿರು, ಒಂದಷ್ಟು ನೀಲಿ, ನಡುವೆ ಕಾಳಿ ನದಿ ಇರಬಹುದಾದ ಒಂದು ಬಿಳಿ ಜಾಗ. ಮಹಾಬಳೇಶ್ವರ ಅದನ್ನು ಮೂರು ಕ್ಷಣ ನೋಡಿದ. ಅಂಚು ಸೋರಿತ್ತು, ಬಣ್ಣ ಎಲ್ಲೆಡೆ ಒಂದೇ ಸಮ ಇರಲಿಲ್ಲ. 'ರಿ' ಎಂಬ ಅಕ್ಷರ ತುಟಿಗೆ ಬಂದಿತ್ತು, ಅಷ್ಟರಲ್ಲಿ ಮಧುಮತಿ ಅವನ ಕಾಲು ತುಳಿದಳು.

ಮನೆಗೆ ಬರುವ ದಾರಿಯಲ್ಲಿ ಅವನ ತಲೆಯಲ್ಲಿ ಬೇರೆಯೇ ಒಂದು ವಿಚಾರ ಎದ್ದಿತು. ಕಾರ್ಖಾನೆಯಲ್ಲಿ ಕಾಗದ ಚೆನ್ನಾಗಿ ಬಂದರೆ ಯಂತ್ರ ನಡೆಸುವವನನ್ನು ಹೊಗಳುತ್ತಿದ್ದರು. ಕೆಟ್ಟರೆ ಪರೀಕ್ಷಕನ ಕಣ್ಣಿಗೇನಾಗಿತ್ತು ಎಂದು ಬಯ್ಯುತ್ತಿದ್ದರು. ಮೂವತ್ನಾಲ್ಕು ವರ್ಷದಲ್ಲಿ ಅವನು ತನ್ನ ಕೈಯಿಂದ ಒಂದು ವಸ್ತುವನ್ನೂ ಮಾಡಿರಲಿಲ್ಲ, ಆದ್ದರಿಂದ ಅವನಿಗೂ ಯಾರೂ 'ಛಲೋ ಐತಿ' ಅಂದಿರಲಿಲ್ಲ. ಒಂದು ಚಿತ್ರ ಮಾಡಬೇಕು, ಮಧುಮತಿಯ ಬಾಯಿಂದಲೇ ಆ ಮಾತು ಬರಿಸಬೇಕು ಎಂದು ಮಹಾಬಳೇಶ್ವರ ಆಟೋದಲ್ಲೇ ಭೀಷ್ಮಪ್ರತಿಜ್ಞೆ ಮಾಡಿದ. ಬಿ.ಪಿ. ಇಳಿಯುವುದು ಆಮೇಲಿನ ಮಾತು.

ಬಣ್ಣದ ಡಬ್ಬಿ ಬಂತು, ಮೂರು ಕುಂಚ ಬಂತು. ಕಾಗದ ಮಾತ್ರ ತರಲಿಲ್ಲ. ಕಾಗದದ ಕಾರ್ಖಾನೆಯ ಮನೆಗಳಲ್ಲಿ ಒಂದು ಅಲಿಖಿತ ಕಟ್ಟುಪಾಡಿದೆ. ಕಾಗದಕ್ಕೆ ದುಡ್ಡು ಕೊಡಬಾರದು. ಮಕ್ಕಳ ನೋಟ್‌ಬುಕ್ಕಿನಿಂದ ಹಿಡಿದು ಚಪಾತಿ ಸುತ್ತುವ ತನಕ ಎಲ್ಲಕ್ಕೂ ಮಂಚದ ಕೆಳಗಿನ ಕಟ್ಟಿನಿಂದಲೇ ಹಾಳೆ ಎಳೆಯಬೇಕು. ಅಂಗಡಿಯಲ್ಲಿ ಕಾಗದ ಕೊಂಡವನನ್ನು ಓಣಿಯವರು ಸುಮ್ಮನೆ ಬಿಡುವುದಿಲ್ಲ. ಮಹಾಬಳೇಶ್ವರನೂ ಮಂಚದ ಕೆಳಗಿಂದ ಹೊಳೆಯುವ ಬಿಳಿ ಹಾಳೆ ಎಳೆದ, ತೋಯಿಸಿದ, ಬಣ್ಣ ಬಿಟ್ಟ. ಹಾಳೆ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಮುರುಟಿಕೊಂಡಿತು. ಎರಡನೆಯದೂ ಹಾಗೆಯೇ. ಮೂರನೆಯದು ನಡುವೆ ತೂತು ಬಿದ್ದು ಕೆಳಗಿನ ಚಾಪೆಯ ದರ್ಶನ ಮಾಡಿಸಿತು. ಅವನು ಕಟ್ಟಿನ ಮೇಲಿನ ಚೀಟಿ ನೋಡಿದ. ತಾನೇ ಪಾಸ್ ಮಾಡಿದ ಕಾಗದ, ಕೆಳಗೆ ತನ್ನದೇ ಸಹಿ. ಅವನಿಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು.

"ಅದು ಬರಿಯೂ ಕಾಗದರಿ, ಈಸಾಡೂ ಕಾಗದಲ್ಲ" ಎಂದಳು ಮಧುಮತಿ, ರಾಶಿ ಕೆಂಪು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ.

ದಾಂಡೇಲಿಯಲ್ಲಿ ಕೊಂಡರೆ ಮಾನ ಹೋಗುತ್ತದೆಂದು ಅವನು ಬಸ್ಸು ಹತ್ತಿ ಹಳಿಯಾಳಕ್ಕೆ ಹೋದ. ಜಲವರ್ಣಕ್ಕೆಂದೇ ಮಾಡಿದ ದಪ್ಪ ಕಾಗದ ಕೊಂಡು, ಸಕ್ಕರೆಯ ಚೀಲವೊಂದನ್ನು ಬೇಡಿ ಅದರೊಳಗೆ ತುರುಕಿಸಿಕೊಂಡು, ಕಳ್ಳನ ಹಾಗೆ ಬಸ್‌ಸ್ಟ್ಯಾಂಡಿಗೆ ಬಂದರೆ ಎದುರಿಗೇ ಯಲ್ಲಪ್ಪ. ಇಪ್ಪತ್ತು ವರ್ಷ ಅವನ ಕೈಕೆಳಗೆ ಹಾಳೆ ಎಣಿಸಿದವನು.

"ಏನ ತಗೊಂಡ್ರಿ ಸಾಹೇಬ್ರ?"

"ಸಕ್ರಿ."

ಯಲ್ಲಪ್ಪ ಗೌರವದಿಂದಲೇ ಚೀಲ ಮುಟ್ಟಿ ನೋಡಿದ. "ಚಪ್ಪಟಿ ಐತಲ್ರಿ ಸಕ್ರಿ!"

ಸಂಜೆಯೊಳಗೆ ಸುದ್ದಿ ಎಲ್ಲ ಕಡೆ ಮುಟ್ಟಿತ್ತು. ಪರೀಕ್ಷಕ ಸಾಹೇಬರು ಕಾಗದ ಕೊಂಡರಂತೆ, ಅದೂ ಹಳಿಯಾಳದಲ್ಲಿ.

ಮಾನ ಹೋದ ಮೇಲೆ ಹಿಂದೆ ಸರಿಯುವ ಮಾತೇ ಇಲ್ಲ. ಮಹಾಬಳೇಶ್ವರ ಮೊಬೈಲಿನಲ್ಲಿ ಚಿತ್ರ ಕಲಿಸುವ ಒಬ್ಬಳು ಟೀಚರನ್ನು ಹುಡುಕಿಕೊಂಡ. ದಿನಕ್ಕೊಂದು ಪುಟ್ಟ ಕೆಲಸ ಕಲಿಸುತ್ತಿದ್ದಳು. ಒಂದು ಎಲೆ, ಒಂದು ಮುಗಿಲು, ಪುಸ್ತಕದೊಳಗೆ ಇಡುವ ಗುರುತಿನ ಪಟ್ಟಿ, ಶುಭಾಶಯದ ಕಾರ್ಡು. "ಕುಂಚವನ್ನು ತುದಿಯಲ್ಲಿ ಹಿಡಿಯಿರಿ. ನೀರು ಕರೆದ ಕಡೆ ಬಣ್ಣ ಹೋಗಲಿ. ಎಲ್ಲವನ್ನೂ ಹೇಳಿಬಿಡಬೇಡಿ, ಸೂಚಿಸಿ ಸಾಕು" ಎಂದು ಜೇನಿನಂಥ ದನಿಯಲ್ಲಿ ಹೇಳುತ್ತಿದ್ದಳು. ನಮ್ಮವನು ಸ್ಟೀಲ್ ಪಟ್ಟಿ ಇಟ್ಟು ಎಲೆಯ ನಡುಗೆರೆ ಎಳೆದ, ಆಮೇಲೆ ಎಡಕ್ಕೆ ಏಳು ನರ, ಬಲಕ್ಕೆ ಏಳು ನರ. ಮುಗಿಲಿಗೂ ಅಂಚು ಕಟ್ಟಿದ. ಗುರುತಿನ ಪಟ್ಟಿ ಮಾಡಿದ ಮೇಲೆ ನೋಡಿದರೆ ಮನೆಯಲ್ಲಿದ್ದ ಪುಸ್ತಕ ಪಂಚಾಂಗ ಒಂದೇ. ಅದರೊಳಗೆ ಇಟ್ಟ. ಹಸಿ ಆರದ ಬಣ್ಣ ಮೆತ್ತಿ ಮಧುಮತಿಯ ಒಂದು ಏಕಾದಶಿ ಪೂರ್ತಿ ನೀಲಿಯಾಯಿತು.

ಹತ್ತನೆಯ ದಿನ ಮಂಗಟ್ಟೆ ಹಕ್ಕಿ. ಹಿತ್ತಲಿನ ಅತ್ತಿಮರಕ್ಕೆ ದಿನಾ ಬರುವ ಹಕ್ಕಿ, ಅದರ ಕೊಕ್ಕಿನ ಮೇಲಿನ ಕೊಂಬು ಅವನಿಗೆ ಬಾಯಿಪಾಠ. ಇಡೀ ಬೆಳಿಗ್ಗೆ ಬೆವರಿ ಬಿಡಿಸಿ, ಒಣಗಿಸಿ, ಮಧುಮತಿಯ ಮುಂದೆ ಹಿಡಿದ.

ಅವಳು ತಲೆ ಓರೆ ಮಾಡಿದಳು. "ಚಹಾದ ಕಿಟ್ಲಿ?"

ಪಕ್ಕದ ಮನೆಯ ಮುದಕವ್ವ ಗೋಡೆಯ ಮೇಲಿಂದ ಇಣುಕಿ, "ಅಯ್ಯ, ಬದನಿಕಾಯಿ ಅದು" ಎಂದಳು. ಕಾಗದದ ಬಗ್ಗೆ ವಿಚಾರಿಸಲೆಂದೇ ಬಂದಿದ್ದ ಯಲ್ಲಪ್ಪ ಬಹಳ ಹೊತ್ತು ನೋಡಿ, ಕಣ್ಣು ಒದ್ದೆ ಮಾಡಿಕೊಂಡು, "ನಮ್ಮ ಬಾಯ್ಲರ್‌ರಿ ಸಾಹೇಬ್ರ, ಹಂಗ ಕಾಣತೈತಿ" ಎಂದ. ಮಹಾಬಳೇಶ್ವರ ಊಟ ಬಿಟ್ಟು ಮಲಗಿದ. ಬಿ.ಪಿ. ನೋಡಿಸಿಕೊಳ್ಳುವ ಧೈರ್ಯ ಬರಲಿಲ್ಲ.

ಇದೇ ಹೊತ್ತಿಗೆ ಮಧುಮತಿಯ ಭಾಗ್ಯದ ಬಾಗಿಲು ತೆರೆಯಿತು. ಅವಳು ಪ್ರತಿ ಚಳಿಗಾಲ ಹಸಿ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಮೆಂತ್ಯ, ನಿಂಬೆರಸ ಹಾಕಿ ಅರೆಯುವ ರಂಜಕಕ್ಕೆ ಓಣಿಯಲ್ಲೆಲ್ಲ ಹೆಸರು. ಅದರ ರುಚಿ ಜೋಯಿಡಾ ರಸ್ತೆಯ ಒಂದು ರೆಸಾರ್ಟಿನ ಮ್ಯಾನೇಜರ್ ರೀನಾಗೆ ಹೇಗೋ ಹತ್ತಿತು. ಮೂವತ್ತಾರು ಬಾಟಲಿ ಬೇಕು ಎಂದಳು. ಚೆನ್ನಾಗಿ ಹೋದರೆ ಪ್ರತಿ ತಿಂಗಳೂ ಬೇಕು. ಮಧುಮತಿ ಮದುವೆಯಾದ ಮೇಲೆ ಮೊದಲ ಸಲ ತನ್ನ ಹೆಸರಿನಲ್ಲಿ ಒಂದು ಕೆಲಸ ಹಿಡಿದಿದ್ದಳು. ಕುಟ್ಟುವಾಗ ಹಾಡಿಕೊಳ್ಳುತ್ತಿದ್ದಳು.

"ಬಾಟಲಿ ಮ್ಯಾಲೆ ಕೈಯಿಂದ ಮಾಡಿದ್ದು ಏನಾರ ಇದ್ರ ಛಲೋ ಆಂಟಿ, ಟೂರಿಸ್ಟರಿಗೆ ಭಾಳ ಸೇರ್ತದ" ಎಂದಿದ್ದಳು ರೀನಾ.

"ಅದನ್ನ ನನಗ ಬಿಡ್ರಿ" ಎಂದು ಮಹಾಬಳೇಶ್ವರ ಒಳಗಿನಿಂದ ಎದ್ದು ಬಂದ. ಮೂವತ್ತಾರು ಪುಟ್ಟ ಚಿತ್ರ, ಒಂದೊಂದರಲ್ಲೂ ಒಂದು ಕೆಂಪು ಮೆಣಸಿನಕಾಯಿ! ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ.

"ಚಿತ್ರಾ ಏನರ ತಗೀರಿ, ಕೆಳಗ ಹೆಸರ ಮಾತ್ರ ದಪ್ಪನ ಅಕ್ಷರದಾಗ ಬರೀರಿ" ಎಂದು ಮಧುಮತಿ ಹತ್ತು ಸಲ ಹೇಳಿದಳು. ಅವನು ಹತ್ತು ಸಲ ಹೂಂ ಅಂದ.

ಮೊದಲ ನಾಲ್ಕು ಮೆಣಸಿನಕಾಯಿ ನಲ್ಲಿಯ ಕೊಳವೆಯ ಹಾಗೆ ಬಂದವು. ಐದನೆಯದಕ್ಕೆ ಸೋತು ಸುಣ್ಣವಾಗಿ ಕೈ ಬಿಟ್ಟ, ನಿಜಕ್ಕೂ ಬಿಟ್ಟ. ಕುಂಚದಿಂದ ಕೆಂಪು ಜಾರಿ ಒದ್ದೆ ಹಾಳೆಯ ಮೇಲೆ ತಾನಾಗಿ ಹರಡಿತು, ಉಬ್ಬಿತು, ಮೇಲೆ ಇಟ್ಟ ಹಸಿರು ತೊಟ್ಟು ಐದು ಕಡೆ ಚಾಚಿಕೊಂಡಿತು. ಮಹಾಬಳೇಶ್ವರನಿಗೆ ಮೈ ಜುಂ ಎಂದಿತು. ಸಡಿಲ! ಡಾಕ್ಟರು ಹೇಳಿದ, ಟೀಚರು ಹೇಳಿದ ಸಡಿಲ ಇದೇ! ಆ ಉನ್ಮಾದದಲ್ಲೇ ಉಳಿದವನ್ನೂ ಮಾಡಿ ಮುಗಿಸಿ, ಮೊದಲ ನಾಲ್ಕನ್ನೂ ಹೊಸದಾಗಿ ಮಾಡಿದ. ಹೆಸರು ಬರೆಯಲು ಪೆನ್ನು ಎತ್ತಿದ. ಎತ್ತಿದವನು ಹಾಗೆಯೇ ಇಳಿಸಿದ. ಹೇಳಿಬಿಡಬಾರದು, ಸೂಚಿಸಬೇಕು. ಇಷ್ಟು ಚಂದದ ಚಿತ್ರದ ಕೆಳಗೆ 'ರಂಜಕ' ಎಂದು ಬರೆಯುವುದು ಕಲೆಗೆ ಮಾಡುವ ಅಪಚಾರವಲ್ಲವೇ?

ಮಧುಮತಿ ನೋಡುವಷ್ಟರಲ್ಲಿ ಬಾಟಲಿಗಳಿಗೆಲ್ಲ ಲೇಬಲ್ ಅಂಟಿತ್ತು. ಬಾಗಿಲಲ್ಲಿ ರೆಸಾರ್ಟಿನ ಜೀಪು ಬಂದು ನಿಂತಿತ್ತು.

"ಹೆಸರ ಎಲ್ಲೈತ್ರಿ?"

"ನೋಡಿದ್ರ ಗೊತ್ತಾಗೂದಿಲ್ಲೇನ? ಅದರಾಗ ಕಲಾ ಐತಿ."

"ಕಲಾ ಮನಿ ಹಾಳಾತು! ನಾ ಏನ ಹೇಳಿದ್ದೆ?" ಎಂದು ಅವಳು ಕೂಗುವಷ್ಟರಲ್ಲಿ ಡ್ರೈವರ್ ಪೆಟ್ಟಿಗೆ ಎತ್ತಿ ಇಟ್ಟುಕೊಂಡು ಹೊರಟಾಗಿತ್ತು. ರೀನಾಗೆ ಗೊತ್ತಿದೆಯಲ್ಲ ಎಂದು ಮಧುಮತಿ ಎದೆಗೆ ಸಮಾಧಾನ ಹೇಳಿಕೊಂಡಳು. ರೀನಾ ಆವತ್ತು ರಜೆಯ ಮೇಲಿದ್ದಾಳೆಂಬುದು ಅವಳಿಗೆ ಗೊತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅದೇ ಜೀಪು ವಾಪಸು ಬಂತು. ರೀನಾ ಇಳಿದಳು, ಅವಳ ಹಿಂದೆ ಪೆಟ್ಟಿಗೆ ಇಳಿಯಿತು. ಮಹಾಬಳೇಶ್ವರ ಆಗಷ್ಟೇ ಬ್ರೆಡ್ಡಿನ ಪ್ಯಾಕೆಟ್ ಬಿಚ್ಚಿ, ಬಣ್ಣದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದ.

"ಆಂಟಿ, ನನಗ ಬಯ್ಯಾಕ ಬರೂದಿಲ್ಲ, ಅಳು ಬರ್ತದ" ಎಂದಳು ರೀನಾ. "ಅಡಗಿ ಮನಿಯವ್ರು ಹೊಸಬ್ರು, ಗೋವಾದಿಂದ ಬಂದವ್ರು. ನಿಮ್ಮ ಬಾಟಲಿ ಒಯ್ದು ಬ್ರೆಡ್ ಜಾಮಿನ ಟೇಬಲ್ ಮ್ಯಾಲೆ ಇಟ್ಟಾರ. ಪುಣೆಯವ್ರು ಒಬ್ರು ಎರಡ ಚಮಚ ಹಚ್ಚಿ, ಮಡಚಿ, ಬಾಯಾಗ ಇಟ್ಕೊಂಡ್ರು. ಆಮೇಲೆ ತೋಟದ ನಳದ ಕೆಳಗ ಬಾಯಿ ಇಟ್ಟವ್ರು ಅರ್ಧಾ ತಾಸು ಎದ್ದಿಲ್ಲ. ಅವರ ಹೆಂಡ್ತಿ ಗಂಡ ಚೇಷ್ಟೆ ಮಾಡಾಕತ್ತಾನ ಅಂತ ತಿಳದು, ಅವ್ರೂ ತಿಂದ್ರು!"

"ಜಾಮಿನ ಟೇಬಲ್ಲಿಗೆ ಯಾಕ ಇಟ್ರವ್ವಾ?" ಎಂದಳು ಮಧುಮತಿ ಬೆಳ್ಳಗಾಗಿ.

"ಸ್ಟ್ರಾಬೆರಿ ಅಂತ! ಎಲ್ಲಾರೂ ಸ್ಟ್ರಾಬೆರಿ ಅಂತನ ತಿಳ್ಕೊಂಡ್ರು!"

"ಅದು ಮೆಣಸಿನಕಾಯಿ" ಎಂದ ಮಹಾಬಳೇಶ್ವರ, ಬಾವಿಯೊಳಗಿಂದ ಬಂದಂಥ ದನಿಯಲ್ಲಿ.

"ಎಲ್ಲಿ ಐತಿ ಅಂಕಲ್, ತೋರಸ್ರಿ."

ಅವನು ಬಾಟಲಿ ಎತ್ತಿ ಬೆಳಕಿಗೆ ಹಿಡಿದ. ಮೂವತ್ನಾಲ್ಕು ವರ್ಷದ ಕಣ್ಣು ಅದು, ಸುಳ್ಳು ಹೇಳುವುದಿಲ್ಲ. ಹೊಟ್ಟೆ ಉಬ್ಬಿದ ಕೆಂಪು, ಮೇಲೆ ಐದು ಎಸಳಿನ ಹಸಿರು ಟೋಪಿ. ಕೆಂಪಿನಲ್ಲಿ ನೀರು ಹನಿದು ಬಿದ್ದ ಚುಕ್ಕೆಗಳು ಬೀಜದ ಹಾಗೆ ಕಾಣುತ್ತಿದ್ದವು. ಜಗತ್ತಿನ ಯಾವ ಮೂಲೆಯಲ್ಲಿ ತೋರಿಸಿದರೂ ಅದು ಸ್ಟ್ರಾಬೆರಿ. ಅವನ ಜೀವನದ ಒಂದೇ ಒಂದು ಸಡಿಲ ಚಿತ್ರ, ಮೂವತ್ತಾರು ಪ್ರತಿ.

"ಆರ್ಡರ್ ಬ್ಯಾಡ ಆಂಟಿ" ಎಂದಳು ರೀನಾ ಮೆಲ್ಲಗೆ.

ಮಧುಮತಿ ಬಯ್ಯಲಿಲ್ಲ. ಬಯ್ದಿದ್ದರೆ ಅವನು ಉಳಿದುಕೊಳ್ಳುತ್ತಿದ್ದ. ಅವಳು ನೆಲಕ್ಕೆ ಕೂತು, ಒಂದು ಬಾಟಲಿ ತೊಡೆಯ ಮೇಲಿಟ್ಟುಕೊಂಡು, ಉಗುರಿನಿಂದ ಲೇಬಲ್ ಕೆರೆಯತೊಡಗಿದಳು. ಮಹಾಬಳೇಶ್ವರನಿಗೆ ಅದನ್ನು ನೋಡಲು ಆಗಲಿಲ್ಲ. ತನಗೆ ಒಂದು ಮಾತು ಬೇಕು ಎಂದು ಹೊರಟು ಅವಳಿಗೆ ಸಿಕ್ಕಿದ್ದ ಒಂದೇ ಒಂದು ಹೆಸರನ್ನು ಮಣ್ಣುಪಾಲು ಮಾಡಿದ್ದ.

"ಆ ಪುಣೆಯವ ತಿಂದಷ್ಟು ನಾನೂ ತಿಂತೇನಿ" ಎಂದ ಇದ್ದಕ್ಕಿದ್ದಂತೆ. ಬಾಟಲಿ ತೆರೆದ, ಎರಡು ಚಮಚ ಬ್ರೆಡ್ಡಿಗೆ ಬಳಿದ, ಮಡಚಿದ, ಬಾಯಿಗಿಟ್ಟ.

ದಿನಾ ರೊಟ್ಟಿಯ ಅಂಚಿಗೆ ಉಗುರಿನಷ್ಟು ಹಚ್ಚಿ 'ಪಾಸ್' ಎನ್ನುತ್ತಿದ್ದ ರಂಜಕ ಇದೇನಾ! ಮೊದಲು ತುಟಿ ಹೋಯಿತು. ಆಮೇಲೆ ಕಿವಿ ಹೋಯಿತು. ಕಣ್ಣಿನಿಂದ ಕಾಳಿ ನದಿ ಎರಡೂ ದಂಡೆ ತುಂಬಿ ಹರಿಯಿತು. ಅವನು ಕೈ ಚಾಚಿ ಎದುರಿಗಿದ್ದ ಗ್ಲಾಸು ಹಿಡಿದು ಗಟಗಟ ಕುಡಿದ.

"ಅಂಕಲ್! ಅದು ಕುಂಚ ತೊಳದ ನೀರು!" ಎಂದು ರೀನಾ ಚೀರಿದಳು.

ಅಷ್ಟು ಹೊತ್ತಿಗೆ ಗ್ಲಾಸು ಖಾಲಿ. ಆದರೆ ಆ ಉರಿಯ ಹಿಂದಿನಿಂದ ಒಂದೊಂದೇ ಬರತೊಡಗಿತ್ತು. ಬೆಳ್ಳುಳ್ಳಿ ಬಂತು, ನಿಂಬೆಯ ಹುಳಿ ಬಂತು, ಎಲ್ಲಕ್ಕಿಂತ ಕೊನೆಗೆ ಮೆಂತ್ಯದ ತುಸು ಕಹಿ ಬಂದು ನಾಲಿಗೆಯ ಮೇಲೆ ಕೂತಿತು. ಅವನು ಅಭ್ಯಾಸಬಲದಿಂದ ತಪ್ಪು ಹುಡುಕಿದ. ಎಲ್ಲಿಯೂ ಸಿಗಲಿಲ್ಲ.

"ಛ... ಛಲೋ ಐತಿ."

ಕೆರೆಯುತ್ತಿದ್ದ ಉಗುರು ನಿಂತಿತು. "ಏನಂದ್ರಿ?"

"ಛಲೋ ಐತಿ, ಮಧುಮತಿ. ಭಾಳ ಛಲೋ ಐತಿ."

ಮಧುಮತಿ ಎದ್ದವಳೇ ಹಿತ್ತಲಿಗೆ ಓಡಿದಳು. "ಮುದಕವ್ವಾ! ಲಗೂನ ಬಾ! ಸಾಕ್ಷಿ ಹೇಳಾಕ ಬಾ!" ಮುದಕವ್ವ ಸೆರಗು ಸಿಕ್ಕಿಸಿಕೊಂಡು ಓಡಿ ಬಂದು, ಕಣ್ಣೀರು ಸುರಿಸುತ್ತ ಬಾಯ್ತೆರೆದು ಕೂತವನನ್ನು ನೋಡಿ ಎದೆ ಬಡಿದುಕೊಂಡಳು. "ಯವ್ವಾ, ನಾಲಿಗಿ ನೀಲಿ ಆಗೇತಿ! ಹಾವ ಕಡದೈತೇನ?"

ರೀನಾಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಪೆಟ್ಟಿಗೆಯ ಮೇಲೆಯೇ ಕೂತುಬಿಟ್ಟಳು. ನಕ್ಕ ಮೇಲೆ, ಇಲ್ಲಿಯ ತನಕ ಬಚ್ಚಿಟ್ಟಿದ್ದ ಮಾತನ್ನೂ ಹೇಳಿದಳು. ಆ ಪುಣೆಯವರು ಹೊರಡುವಾಗ ಸುಮ್ಮನೆ ಹೋಗಲಿಲ್ಲವಂತೆ. ರೊಟ್ಟಿಯ ಜೊತೆ ತಿನ್ನುವುದೆಂದು ತಿಳಿದ ಮೇಲೆ ನಾಲ್ಕು ಬಾಟಲಿ ಕೇಳಿ ಒಯ್ದರಂತೆ.

"ಆರ್ಡರ್ ಇಟ್ಕೊಳ್ರಿ ಆಂಟಿ. ಆದ್ರ ಹೆಸರು ದೊಡ್ಡದಾಗಿ ಇರ್ಬೇಕು, ಖಾರ ಅಂತ ಬರೀಬೇಕು. ಚಿತ್ರ ಮಾತ್ರ..." ಎಂದು ಮಹಾಬಳೇಶ್ವರನ ಕಡೆ ನೋಡಿ ಕೈಮುಗಿದಳು. "ಅಂಕಲ್, ಒಂದ ಚುಕ್ಕಿನೂ ಬ್ಯಾಡ."

ಮಧ್ಯಾಹ್ನ ಅವನು ಮಂಚದ ಕೆಳಗಿನ ಹಳೆಯ ಹಾಳೆ ಎಳೆದು, ಸ್ಟೀಲ್ ಪಟ್ಟಿ ಹಿಡಿದು, ಒಂದೇ ಅಳತೆಗೆ ಕತ್ತರಿಸಿದ. 'ಮಧುಮತಿಯವರ ರಂಜಕ. ಭಾಳ ಖಾರ ಐತಿ. ಬ್ರೆಡ್ಡಿಗೆ ಹಚ್ಚಬ್ಯಾಡ್ರಿ' ಎಂದು ಅಚ್ಚು ಹಾಕಿದಂಥ ಅಕ್ಷರದಲ್ಲಿ ಬರೆದ. ಕೈ ಎಂದಿನಂತೆ ಬಿಗಿಯಾಗಿತ್ತು, ಅಕ್ಷರ ಒಂದೂ ಅಲುಗಲಿಲ್ಲ. ಇಪ್ಪತ್ತು ಆದ ಮೇಲೆ ಮಧುಮತಿ ಬಂದು ಒಂದನ್ನು ಎತ್ತಿ, ಎರಡು ಕೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಹಿಡಿದಳು. ಅವನು ಪೆನ್ನು ಕೆಳಗಿಟ್ಟು ಕಾದ.

"ಪಾಸ್" ಎಂದಳು.

"ಅಷ್ಟ?"

"ಪಾಸ್ ಅಂದ್ರ ಛಲೋ ಅಂತನ ಅರ್ಥ. ನೀವ ಹೇಳಿದ್ರಲ್ಲಾ?"

ಅಷ್ಟಕ್ಕೇ ಬಿಡಲಿಲ್ಲ. ಕಪಾಟಿನಿಂದ ಆ ಮೊಹರು ತಂದು, ಹಾ ಎಂದು ಬಾಯಿಂದ ಊದಿ, ಅವನು ಬಿಡಿಸಿದ ಎಲೆಗೊಂದು, ಮುಗಿಲಿಗೊಂದು, ಕಾರ್ಡಿಗೊಂದು, ಮಂಗಟ್ಟೆಗೊಂದು ದಪದಪನೆ ಒತ್ತಿದಳು. ರಿಜೆಕ್ಟ್, ರಿಜೆಕ್ಟ್, ರಿಜೆಕ್ಟ್. ಒತ್ತುವ ಗತ್ತು ಥೇಟ್ ಅವನದೇ.

ಕಾರ್ಖಾನೆಯ ನಿಯಮ ಅವನಿಗೆ ಗೊತ್ತು. ರಿಜೆಕ್ಟ್ ಆದ ಹಾಳೆ ಮರಳಿ ನೀರಿಗೆ ಹೋಗಿ ತಿರುಳಾಗಬೇಕು. ಮೂವತ್ನಾಲ್ಕು ವರ್ಷ ಪಾಲಿಸಿದ ನಿಯಮವನ್ನು ತನ್ನ ಮನೆಯಲ್ಲಿ ಮುರಿಯಲಾದೀತೇ? ಒಂದು ತಿಂಗಳ ಕಲೆಯನ್ನೆಲ್ಲ ಹಿತ್ತಲಿಗೆ ಒಯ್ದು, ಬಕೀಟಿನಲ್ಲಿ ನೀರು ತುಂಬಿ, ಒಂದೊಂದಾಗಿ ಮುಳುಗಿಸಿ, ಮೋರೆ ತಿರುಗಿಸಿ ಕೂತ.

"ಅಯ್ಯ! ಏನರಿ ಇದು!" ಎಂದು ಮಧುಮತಿ ಬಕೀಟಿನ ಮೇಲೆ ಬಾಗಿದ್ದಳು.

ತಿರುಗಿ ನೋಡಿದ. ಹಾಳೆಗಳಿಂದ ಬಣ್ಣ ಬಿಟ್ಟುಕೊಂಡು ಮೇಲೇಳುತ್ತಿತ್ತು. ನೀಲಿ ಮೆಲ್ಲಗೆ ಹಸಿರಿನೊಳಗೆ ಹೋಗುತ್ತಿತ್ತು, ಕೆಂಪು ಎಳೆ ಎಳೆಯಾಗಿ ಸುತ್ತುತ್ತಿತ್ತು. ಗೆರೆ ಇರಲಿಲ್ಲ, ಅಂಚು ಇರಲಿಲ್ಲ, ಯಾರ ಕೈಯೂ ಇರಲಿಲ್ಲ.

"ಎಷ್ಟ ಛಲೋ ಐತ್ರಿ ಇದು!" ಎಂದಳು ಮಧುಮತಿ. ಕಣ್ಣರಳಿಸಿ, ಮನಸಾರೆ ಅಂದಳು. "ಖರೇನ ಛಲೋ ಐತಿ!"

ಬಂತು! ಬಂದೇಬಿಟ್ಟಿತು! "ತಡಿ, ಅಲ್ಲೇ ಇರಲಿ, ಮೊಬೈಲ್ ತರ್ತೇನಿ, ಫೋಟೋ ಹೊಡಿಯೂಣು!" ಎಂದು ಮಹಾಬಳೇಶ್ವರ ಅರವತ್ತರ ವಯಸ್ಸು ಮರೆತು ಒಳಗೆ ಓಡಿದ. ಮೊಬೈಲು ದಿಂಬಿನ ಕೆಳಗಿತ್ತು, ಕನ್ನಡಕ ದೇವರ ಕೋಣೆಯಲ್ಲಿತ್ತು. ಎರಡನ್ನೂ ಹುಡುಕಿಕೊಂಡು ಬರುವಷ್ಟರಲ್ಲಿ ಮಧುಮತಿ ಅದೇ ಬಕೀಟಿನಲ್ಲಿ ಹೊಸ ನೀರು ತುಂಬಿ ಬಾಟಲಿ ತೊಳೆಯುತ್ತಿದ್ದಳು.

"ಬಕೀಟ ಬೇಕಾಗಿತ್ತರಿ" ಎಂದಳು ತಲೆಯೆತ್ತದೆ.

ದಾಸವಾಳದ ಬುಡದಲ್ಲಿ ಹಾಳೆಗಳು ಮುದ್ದೆಯಾಗಿ ಬಿದ್ದಿದ್ದವು. ಸುತ್ತ ಮಣ್ಣಿನ ಮೇಲೆ ಬಣ್ಣದ ನೀರು ಇನ್ನೂ ಸ್ವಲ್ಪ ಹೊಳೆಯುತ್ತಿತ್ತು. ಅದು ಇಂಗಿ ಮುಗಿಯುವ ತನಕ ಮಹಾಬಳೇಶ್ವರ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ.

"ಅಲ್ಲೇ ಕೂತ್ರ ಹೆಂಗರಿ?" ಎಂದು ಹಿಂದಿನಿಂದ ಮಧುಮತಿ ಕೂಗಿದಳು. "ಇನ್ನ ಹನ್ನೆರಡ ಲೇಬಲ್ ಬಾಕಿ ಅದಾವ. ಅಕ್ಷರ ಸೊಟ್ಟ ಆದ್ರ ರಿಜೆಕ್ಟ್ ಮಾಡ್ತೇನಿ ಮತ್ತ!"